ಹುಬ್ಬಕ್ಕನ ಮುಖ

ನನ್ನ ಓರಗಿತ್ತಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಹುಬ್ಬಕ್ಕ. ಎಂಬತ್ತು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿಯ ಪಕ್ಕ ಕೂಗಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ನಾವು ಹೆಂಗಸರು ಮುಖದಲ್ಲೇ ಮಾತಾಡುತ್ತಿದ್ದೆವು. ಕೆನ್ನೆ ಉಬ್ಬಿಸಿದರೆ ಸೂಪರ್‌ವೈಸರ್ ಬಂದ, ಮೂಗು ಮುರಿದರೆ ಅತ್ತೆಯ ಸುದ್ದಿ. ಮಿಕ್ಕಿದ್ದೆಲ್ಲ ತುಟಿ, ಕಣ್ಣು. ಹೇಳಿದ್ದು ತಲುಪಿತು ಅನ್ನುವುದಕ್ಕೆ ಒಂದು ಸಲ ಹುಬ್ಬು ಎತ್ತಬೇಕು. ಎತ್ತದಿದ್ದರೆ ಹೇಳುವವಳು ಹೇಳುತ್ತಲೇ ಇರುತ್ತಾಳೆ. ನಮ್ಮಕ್ಕನ ಹುಬ್ಬು ಆರು ಸಾಲು ಆಚೆಯಿಂದಲೂ ಕಾಣುತ್ತಿತ್ತು.

ಶೆಡ್ಡಿನ ಹಿಂಬಾಗಿಲಿಗೆ ಸದಾ ಬೀಗ. ನಾವು ಕೆಲಸ ಬಿಟ್ಟು ಆಚೆ ಹೋಗಿ ಕೂರುತ್ತೇವಂತೆ. ಒಂದು ಸಲ ಮೋಟಾರು ಸುಟ್ಟು ಹೊಗೆ ತುಂಬಿದಾಗ ಎಂಬತ್ತು ಜನವೂ ಒಂದೇ ಬಾಗಿಲಿಗೆ ನುಗ್ಗಿದೆವು. ಒಬ್ಬಳ ಕೈ ಮುರಿಯಿತು. ಬೀಗ ತೆಗೆಯುವವರೆಗೆ ಮಗ್ಗ ನಿಲ್ಲಿಸೋಣ ಎಂಬ ಮಾತು ಮುಖದಿಂದ ಮುಖಕ್ಕೆ ಹರಡಿತು.

ಸೂಪರ್‌ವೈಸರ್‌ಗೆ ವಾಸನೆ ಬಡಿಯಿತು. ಹುಬ್ಬಕ್ಕನನ್ನು ಮಹಡಿಯ ಗಾಜಿನ ಕೋಣೆಗೆ ಕರೆಸಿದ. ಅವಳ ಗಂಡ, ನಮ್ಮ ಭಾವ, ಅದೇ ಕಾರ್ಖಾನೆಯ ಕಾವಲುಗಾರ. ನಾವೆಲ್ಲ ಇದ್ದದ್ದೂ ಕಾರ್ಖಾನೆಯವರ ಮನೆಯಲ್ಲೇ.

"ಇವರು ಮೂತಿ ತಿರುಗಿಸಿ ತಿರುಗಿಸಿ ಏನು ಮಾತಾಡ್ತಾರೆ, ನೀನು ಹೇಳ್ಬೇಕು. ಯಾರು ಮೊದಲು ನಿಲ್ಲಿಸ್ತಾರೆ ಅಂತ ನಂಗೆ ಬೇಕು. ಇಲ್ಲಾಂದ್ರೆ ಗಂಡನ ಕೆಲಸಾನೂ ಇಲ್ಲ, ಮನೇನೂ ಇಲ್ಲ."

ಗಾಜಿನ ಹಿಂದೆ ಸ್ಟೂಲು ಹಾಕಿ ಕೂರಿಸಿದ. ಕಣ್ಣು ಮುಚ್ಚಿದರೆ ಗದರುತ್ತಿದ್ದ, ಪಕ್ಕಕ್ಕೆ ತಿರುಗಿದರೆ ಸ್ಟೂಲನ್ನೇ ಎಳೆದು ಸರಿಮಾಡುತ್ತಿದ್ದ. ಮೂರು ದಿನ ಅಕ್ಕ, "ಅತ್ತೇರನ್ನ ಬೈಕೊಳ್ತಿದಾರೆ ಸಾರ್" ಎಂದು ತಳ್ಳಿದಳು.

"ಎಂಬತ್ತು ಜನಕ್ಕೂ ಅತ್ತೆ ಕಾಟಾನಾ?"

"ನಿಮ್ಮನೇಲೇ ಒಂದ್ಸಲ ಕೇಳಿ ನೋಡಿ ಸಾರ್" ಅಂದಳಂತೆ.

ನಾಲ್ಕನೇ ದಿನ ನಾನು ಪಕ್ಕದ ಮಗ್ಗದವಳಿಗೆ, ನಾಳೆ ಹತ್ತಕ್ಕೆ ನಾನೇ ಮೊದಲು ನಿಲ್ಲಿಸುತ್ತೇನೆ ಎಂದು ತುಟಿಯಲ್ಲಿ ಹೇಳಿದೆ. ತಲೆ ಎತ್ತಿದರೆ, ಮೇಲೆ ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ. ಹನ್ನೆರಡು ವರ್ಷದ ರೂಢಿ. ಅವಳ ಹುಬ್ಬು ತಾನಾಗಿ ಮೇಲೆ ಹೋಯಿತು. ಸೂಪರ್‌ವೈಸರ್ ನೋಡುತ್ತಿದ್ದದ್ದು ನಮ್ಮನ್ನಲ್ಲ, ಅವಳನ್ನು. ಅವಳ ಕಣ್ಣು ನೆಟ್ಟ ಕಡೆಗೇ ಇಳಿದು ಬಂದ. ಮಧ್ಯಾಹ್ನದ ಹೊತ್ತಿಗೆ ನಾನು ಗೇಟಿನಾಚೆ.

ಸಂಜೆ ಅಡುಗೆಮನೆಯಲ್ಲಿ ಅವಳು ಗೋಡೆಗೆ ಒರಗಿ ಕೂತಳು.

"ನಾನು ಬಾಯಿ ಬಿಡ್ಲಿಲ್ಲ ಕಣೇ."

"ನಿನ್ನ ಬಾಯಿ ಯಾರಿಗೆ ಬೇಕು ಅಕ್ಕಾ? ಹಣೆ ಮೇಲೆ ಎರಡೆರಡು ಡಂಗುರ ಇಟ್ಕೊಂಡಿದೀಯಲ್ಲ."

"ನಾಳೆ ಮತ್ತೆ ಕೂರಿಸ್ತಾನೆ. ನಿನ್ ಹಾಗೇ ಇನ್ನೊಬ್ಬಳು ಹೋಗ್ತಾಳೆ. ಹುಬ್ಬು ಬೋಳಿಸ್ಕೊಂಡುಬಿಡ್ಲಾ?"

"ಬೋಳಿಸಿದ್ರೂ ಕುಣಿಯೋದು ಕುಣಿಯತ್ತೆ. ಕುಣೀದೇ ಇರೋದನ್ನ ಕಲಿ."

ಅವಳು ಕಲಿಯುವವರೆಗೆ ಮಗ್ಗ ನಿಲ್ಲಿಸುವ ಮಾತು ಎತ್ತಬೇಡಿ ಎಂದು ಉಳಿದವರಿಗೆ ಹೇಳಿ ಕಳಿಸಿದೆ. ದಿನಾ ಒಲೆ ಆರಿಸಿದ ಮೇಲೆ ಎದುರುಬದುರು ಕೂರುತ್ತಿದ್ದೆವು. ನಾನು ಮುಖದಲ್ಲಿ ಏನು ಬೇಕಾದರೂ ಹೇಳಬಹುದು, ಅವಳು ಕದಲಬಾರದು. ಮೊದಲ ವಾರ ಬರೀ ಸೋಲು. ನಾನು ಅತ್ತೆಯ ಹಾಗೆ ದವಡೆ ಆಡಿಸಿದರೆ ಸಾಕು, ಬಿದ್ದು ಬಿದ್ದು ನಗುವಳು. ತಪ್ಪಿದಾಗೆಲ್ಲ ತೊಡೆ ಚಿವುಟಿಕೊಳ್ಳುವಳು. ತಿಂಗಳಾಗುವಷ್ಟರಲ್ಲಿ ಏನು ಮಾಡಿದರೂ ಕದಲಲಿಲ್ಲ. ಒಂದು ದಿನ ಕೆಲಸ ಹೋದದ್ದು ನೆನೆದು ನಾನು ನಿಜವಾಗಿ ಅತ್ತುಬಿಟ್ಟೆ. ಆಗಲೂ ಕದಲಲಿಲ್ಲ. ಗೆದ್ದೆವು ಎಂದು ಹಿಗ್ಗಿದೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಆ ಮುಖದಲ್ಲಿ ಸೂಪರ್‌ವೈಸರ್‌ಗೆ ಏನೂ ಸಿಗಲಿಲ್ಲ. ಒಂದು ಸೋಮವಾರ ಹತ್ತಕ್ಕೆ ಎಂಬತ್ತು ಮಗ್ಗವೂ ನಿಂತವು. ಗಲಾಟೆ ಮಾಲೀಕರವರೆಗೆ ಹೋಯಿತು. ಅವರು ಬೀಗ ತೆಗೆಸಿದರು, ಸೂಪರ್‌ವೈಸರನನ್ನೂ ಬೇರೆ ಕಡೆಗೆ ಹಾಕಿದರು. ಮನೆ ಉಳಿಯಿತು. ಅಕ್ಕ ಮತ್ತೆ ಮಗ್ಗಕ್ಕೆ ಬಂದಳು, ನಾನೂ ಬಂದೆ.

ಮುಖ ಬರಲಿಲ್ಲ. ಪಕ್ಕದವರು ಹೇಳಿದ್ದನ್ನೇ ಹೇಳಿ ಹೇಳಿ ಬೇಸತ್ತು ಬಿಟ್ಟರು. "ದೊಡ್ಡಮ್ಮಂಗೆ ನಮ್ ಮೇಲೆ ಕೋಪಾನಾ?" ಎಂದು ನನ್ನ ಮಕ್ಕಳು ಕೇಳುವರು. ಇಲ್ಲ ಕಂದಾ, ನಗ್ತಾ ಇದೀನಿ ಎಂದು ಅವಳು ಬಾಯಿಬಿಟ್ಟು ಹೇಳಬೇಕಿತ್ತು. ನರ ಚೆನ್ನಾಗಿದೆ, ಮನಸ್ಸು ಮಾಡಬೇಕಷ್ಟೆ ಎಂದರು ಡಾಕ್ಟರು. ಮನಸ್ಸು ಮಾಡದೇ ಇದ್ದಳೇ? ಕನ್ನಡಿಯ ಮುಂದೆ ಕೂತು ಬೆರಳಿನಿಂದ ಹುಬ್ಬು ಎತ್ತಿ ಹಿಡಿಯುತ್ತಿದ್ದದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಬೆರಳು ತೆಗೆದರೆ ಇಳಿಯುತ್ತಿತ್ತು.

ನನ್ನ ಗಂಡ ತೀರಿಕೊಂಡಾಗ ನಾನು ನೆಲ ಬಡಿದುಕೊಂಡು ಅತ್ತಿದ್ದೆ, ಎಲ್ಲರೂ ಪಾಪ ಎಂದಿದ್ದರು. ಎರಡು ವರ್ಷಕ್ಕೆ ಭಾವ ಹೋದರು. ಬಂದವರು ಅಕ್ಕನ ಮುಖ ನೋಡಿ, "ಕಲ್ಲು ಕಣ್ರೀ" ಎಂದು ಪಿಸುಗುಟ್ಟಿದರು. ಮೂಲೆಯಲ್ಲಿ ಅಲುಗಿದ ತುಟಿಯೂ ಅವಳಿಗೆ ಕೂಗಿದ ಹಾಗೆ. ಎಲ್ಲರೂ ಹೋದ ಮೇಲೆ ಉಗುರು ಊರುವಷ್ಟು ಗಟ್ಟಿಯಾಗಿ ನನ್ನ ಮುಂಗೈ ಹಿಡಿದಳು.

"ನೀನಾದ್ರೂ ಹೇಳೇ. ನಂಗೆ ಆಗ್ತಿರೋ ಸಂಕಟ ಒಂಚೂರಾದ್ರೂ ಮುಖದಲ್ಲಿ ಕಾಣತ್ತಾ?"

"ಕಾಣತ್ತೆ ಅಕ್ಕಾ. ಚೆನ್ನಾಗೇ ಕಾಣತ್ತೆ."

ನನ್ನನ್ನೇ ನೋಡಿದಳು. ಹಿಡಿದ ಕೈ ಸಡಿಲವಾಯಿತು.

"ನಿನ್ ಮುಖ ಹಾಗೆ ಹೇಳ್ತಿಲ್ವಲ್ಲೇ" ಎಂದಳು.