ಮೊಮ್ಮಗಳು ತಂದ ಸಡಿಲ ಡ್ರಾಯರ್

ಹೋದ ವರ್ಷ ಮಳೆ ಹಿಡಿದ ವಾರ. ನನ್ನ ಮೊಮ್ಮಗಳು ರಮ್ಯ ಜರ್ಮನಿಗೆ ಮರಗೆಲಸ ಕಲಿಯಲು ಹೋಗಿ ಮೂರು ವರ್ಷ ಮುಗಿಯುತ್ತಿತ್ತು. ನಾನೂ ಮರಗೆಲಸದವನೇ. ಓದಿದ್ದು ಮೂರನೇ ಕ್ಲಾಸು. ಮಾದಾಪುರದ ಸುತ್ತಿನ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರ ಲೈನ್ ಮನೆಗಳಿಗೆ ಬಾಗಿಲು, ಕಿಟಕಿ ಮಾಡಿಕೊಂಡೇ ಬದುಕಿದವನು. ರಮ್ಯ ಉಳಿ ಹಿಡಿಯಲು ಕಲಿತದ್ದು ನನ್ನ ಪಕ್ಕ ಕೂತು.

ಅಲ್ಲಿ ಕೊನೆಯ ಪರೀಕ್ಷೆಗೆ ಸ್ವಂತವಾಗಿ ಯೋಚಿಸಿ ಒಂದು ಸಾಮಾನು ಮಾಡಿ ತೋರಿಸಬೇಕಂತೆ. ಇವಳು ಎರಡು ಡ್ರಾಯರ್ ಇರುವ ಸಣ್ಣ ಬೀರು ಮಾಡಿದ್ದಳು. ಪರೀಕ್ಷೆಗೆ ಎಂಟು ದಿನ ಇದ್ದಾಗ ವಿಡಿಯೋ ಕಾಲ್ ಮಾಡಿದಳು. ಮುಖ ಸಪ್ಪಗಿತ್ತು.

“ತಾತ, ಮೇಲಿನ ಡ್ರಾಯರ್ ಸಡಿಲ ಅಂದ್ರು ಇಲ್ಲಿ ಕಲಿಸೋ ಮೇಸ್ತ್ರಿ. ಹೀಗೇ ಇಟ್ರೆ ಪಾಸಾಗಲ್ವಂತೆ.”

“ಎಷ್ಟು ಸಂದು ಬಿಟ್ಟಿದ್ದೆ?”

“ನೀವು ಹೇಳಿಕೊಟ್ಟಷ್ಟೇ. ಪೋಸ್ಟ್‌ಕಾರ್ಡ್ ತೂರೋವಷ್ಟು. ಕೈ ತಾನಾಗೇ ಹಾಗೆ ಮಾಡ್ಬಿಡ್ತು.”

ನಮ್ಮ ಮಳೆಗೆ ಮರ ಉಬ್ಬುತ್ತದೆ. ಬೇಸಿಗೆಯಲ್ಲಿ ಸಂದು ಬಿಡದೆ ಮಾಡಿದ್ದು ಮಳೆ ಬಿಡುವವರೆಗೂ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅದನ್ನೇ ಅವಳಿಗೆ ಚಿಕ್ಕಂದಿನಿಂದ ಹೇಳಿದ್ದೆ. ಆ ದೇಶದಲ್ಲಿ ಇಂಥ ಮಳೆ ಇಲ್ಲವಲ್ಲ. ನನ್ನ ಪಾಠವೇ ಅವಳ ಮೂರು ವರ್ಷ ಹಾಳು ಮಾಡುತ್ತದೇನೋ ಅನ್ನಿಸಿತು.

“ತಪ್ಪು ನಂದು ಮಗಾ. ಅಲ್ಲಿಯ ಮೇಸ್ತ್ರಿ ಹೇಳ್ದಂಗೆ ಮಾಡು. ನನ್ನ ಮಾತು ಮರ್ತುಬಿಡು.”

“ನಿಮ್ಮನ್ನ ಮರೆತ್ರೆ ಉಳಿ ಹಿಡಿಯೋದೂ ಮರೆತೋಗುತ್ತೆ. ಸುಮ್ನಿರಿ ತಾತ” ಅಂದಳು. ಹೊಸ ಡ್ರಾಯರ್ ಮಾಡಲು ಕೂತಳು.

ಆ ಎಂಟು ದಿನ ನನಗೆ ಊಟ ಸೇರಲಿಲ್ಲ. “ನೀವೇ ಪರೀಕ್ಷೆಗೆ ಕೂತಂಗೆ ಆಡ್ತೀರಲ್ಲ” ಎಂದು ನನ್ನ ಹೆಂಡತಿ ಗೌರಮ್ಮ ಬೈದಳು. ಅವಳ ತಟ್ಟೆಯಲ್ಲೂ ಅನ್ನ ಹಾಗೇ ಇತ್ತು.

ಪರೀಕ್ಷೆಯ ದಿನ ಸಂಜೆ ವಿಡಿಯೋ ಕಾಲ್ ಬಂತು. ರಮ್ಯ ಮೊದಲು ಬೀರು ತೋರಿಸಿದಳು. ಮೇಲಿನ ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದಳು. ಕೆಳಗಿನದು ಯಾರೂ ಮುಟ್ಟದೆ ತಾನಾಗಿ ಹೊರಗೆ ಬಂತು. ಒಳಗಿನ ಗಾಳಿ ಹೋಗಲು ಸಂದಿಲ್ಲದೆ ಅದನ್ನು ನೂಕಿತ್ತು. ಅಷ್ಟು ಬಿಗಿ, ಅಷ್ಟು ನಯ. ಐವತ್ತು ವರ್ಷದಲ್ಲಿ ನನ್ನ ಕೈಯಿಂದ ಅಂಥದ್ದು ಆಗಿಲ್ಲ.

“ಪಾಸಾ ಮಗಾ?”

“ಪಾಸ್ ತಾತ.”

ಫೋನ್ ಗೌರಮ್ಮನ ಕೈಗೆ ಕೊಟ್ಟು ಜಗಲಿಗೆ ಹೋಗಿ ನಿಂತೆ.

ಕಾಫಿ ಕೊಯ್ಲಿನ ಹೊತ್ತಿಗೆ ರಮ್ಯ ಊರಿಗೆ ಬಂದಳು. ಸೂಟ್‌ಕೇಸಿನಲ್ಲಿ ಸ್ವೆಟರ್ ಸುತ್ತಿ ಆ ಸಡಿಲ ಡ್ರಾಯರನ್ನೇ ತಂದಿದ್ದಳು. “ಇದು ನಮ್ಮೂರ ಮಳೆಗೆ ಮಾಡಿದ್ದು. ಅಲ್ಲಿ ಬಿಟ್ಟು ಬರಕ್ಕೆ ಮನಸ್ಸು ಬರಲಿಲ್ಲ” ಅಂದಳು. ಇಬ್ಬರೂ ಕೂತು ಅದೇ ಪೋಸ್ಟ್‌ಕಾರ್ಡ್ ಸಂದು ಬಿಟ್ಟು ಅದು ಕೂರಲು ಒಂದು ಹಲಸಿನ ಮರದ ಪೆಟ್ಟಿಗೆ ಮಾಡಿದೆವು.

ಈ ಆಷಾಢದ ಮಳೆಗೆ ನಮ್ಮ ಮನೆಯ ಹಿತ್ತಲ ಬಾಗಿಲೂ ಕಚ್ಚಿಕೊಂಡಿದೆ. ಆ ಡ್ರಾಯರ್ ಮಾತ್ರ ಒಂದು ಬೆರಳಿಗೆ ಬರುತ್ತದೆ. ಅದರಲ್ಲಿ ನನ್ನ ಕನ್ನಡಕ ಇಟ್ಟಿದ್ದೇನೆ.

“ಒಂದು ಕನ್ನಡಕಕ್ಕೆ ಎಷ್ಟು ಸಲ ಎಳೀತೀರಿ?” ಅನ್ನುತ್ತಾಳೆ ಗೌರಮ್ಮ. ಅವಳು ಅಡಿಗೆಮನೆಗೆ ಹೋದ ಮೇಲೆ ಇನ್ನೊಂದು ಸಲ ಎಳೆಯುತ್ತೇನೆ.