ಮಾಳಿಗೆಯ ಮಣ್ಣು ಇಳಿಸಿದವಳು

ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನಾನು ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುವವಳು. ಭೂಕಂಪಕ್ಕೆ ಮನೆ ಹೇಗೆ ಬೀಳುತ್ತದೆ, ಬೀಳದಂತೆ ಏನು ಮಾಡಬೇಕು ಎಂಬುದೇ ನನ್ನ ವಿಷಯ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ, ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಜಂಪರ್ ಹೊಲಿಯುವವಳು. ಮನೆಯಲ್ಲಿ ಮಾತು ನಡೆಯುವುದು ಅವಳದು.

ನಮ್ಮದು ಹಳೆಯ ಮಾಳಿಗೆ ಮನೆ, ಮಣ್ಣಿನದೇ ಚಾವಣಿ. ದಪ್ಪ ಕಲ್ಲಿನ ಗೋಡೆ, ಬೇವಿನ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಸವಳು ಮಣ್ಣು. ಸೋರಬಾರದೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿಸುತ್ತಾರೆ. ಹಳೆಯದನ್ನು ತೆಗೆಸುವವರು ಯಾರೂ ಇಲ್ಲ. ಅತ್ತೆ ಮದುವೆಯಾಗಿ ಬಂದಾಗ ಮೊಣಕಾಲಿನ ಮಟ್ಟಕ್ಕಿದ್ದ ಮಾಳಿಗೆಯ ಅಂಚಿನ ಕಟ್ಟೆ ಈಗ ಮಣ್ಣಿನಲ್ಲಿ ಮುಚ್ಚಿಹೋಗಿದೆ. ಅಷ್ಟು ಮಣ್ಣಿನ ಕೆಳಗೆ, ನಡುಮನೆಯಲ್ಲಿ, ಅಜ್ಜಿಯ ಮಗ್ಗುಲಲ್ಲಿ ನನ್ನ ಮಗಳು ಮಲಗುತ್ತಾಳೆ. ಹಿತ್ತಲಲ್ಲಿ ಆಮೇಲೆ ಕಟ್ಟಿದ ನನ್ನ ತಾರಸಿ ಕೋಣೆಗೆ ಬಾ ಎಂದರೆ ಬರುವುದಿಲ್ಲ.

"ಅತ್ತಿ, ಭೂಮಿ ಅಲಗಿದ್ರ ಮ್ಯಾಲೆ ಭಾರ ಹೆಚ್ಚಿದ್ದಷ್ಟೂ ಗ್ವಾಡಿಗೆ ಪೆಟ್ಟು ಹೆಚ್ಚು. ನಮ್ಮ ಗ್ವಾಡಿ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವ ಬರೇ ಚೂರು. ಎರಡೂ ಬ್ಯಾರೆ ಬ್ಯಾರೆ ಬಿಚ್ಚಿಕೆಂತಾವ" ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

"ನಮ್ಮದು ಕಲ್ಲಿನ ಸೀಮಿ. ಇಲ್ಲಿ ಭೂಮಿ ಎಲ್ಲಿ ಅಲಗತೈತಿ? ನೀ ಓದಿದ್ದು ಪರೀಕ್ಷಿಗೆ" ಎನ್ನುತ್ತಿದ್ದರು ಅತ್ತೆ. ನನ್ನ ಗಂಡ ಮೊಬೈಲಿನಿಂದ ತಲೆ ಎತ್ತದೆ ನಗುತ್ತಿದ್ದ.

ಕೇಳುತ್ತಿದ್ದವಳು ನೆಗೆಣ್ಣಿ, ನನ್ನ ಮಗಳ ಪಾಲಿನ ಚಿಗವ್ವ, ಒಬ್ಬಳೇ. ನಾನು ರೊಟ್ಟಿ ತಟ್ಟುವಾಗ ಅವಳು ಬೇಯಿಸುತ್ತಾ, ಯಾಕೆ ಹೇಗೆ ಎಂದು ಕೆದಕುತ್ತಿದ್ದಳು. ತಲೆಯ ಮೇಲೆ ಮಣ್ಣು ತುಂಬಿದ ಬಿದಿರಿನ ಪುಟ್ಟಿ ಹೊತ್ತವಳನ್ನು ಯಾರಾದರೂ ಪಕ್ಕಕ್ಕೆ ನೂಕಿದರೆ ಏನಾಗುತ್ತದೋ ಮನೆಗೂ ಅದೇ ಆಗುತ್ತದೆ ಎಂದು ನಾನೇ ಅವಳಿಗೆ ಹೇಳಿದ್ದು. ಈ ಹೋಲಿಕೆ ನನ್ನದು, ನೆನಪಿರಲಿ. ಕ್ಲಾಸಿನಲ್ಲೂ ಇದನ್ನೇ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನೆಲ ಸಣ್ಣಗೆ ಅದುರಿ, ನಾಗಂದಿಗೆಯ ಮೇಲಿನ ತಟ್ಟೆಗಳು ಗಲಗಲ ಎಂದವು. ಓಣಿಯವರೆಲ್ಲ ಹೊರಗೆ ಬಂದರು. ಎಲ್ಲೋ ಕ್ವಾರಿಯಲ್ಲಿ ಮದ್ದು ಸಿಡಿಸಿರಬೇಕು ಎಂದು ಕೆಲವರು ಹೇಳಿ ಒಳಗೆ ಹೋದರು. ಅದು ಏನೇ ಇರಲಿ, ಮಾಳಿಗೆಯ ಮಣ್ಣು ಅಲ್ಲಲ್ಲಿ ಬಿರುಕು ಬಿಟ್ಟಿತು. ನನಗೆ ಆ ಬಿರುಕಿನಲ್ಲಿ ನನ್ನ ಮಗಳು ಕಂಡಳು, ಅತ್ತೆಗೆ ಮಳೆನೀರು ಕಂಡಿತು. ವಾರದೊಳಗೆ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಸವಳು ಮಣ್ಣು ಬಂದು ಬಿತ್ತು. ಬಿರುಕು ಮುಚ್ಚಲು ಇನ್ನೊಂದು ಪದರ!

ನನಗೆ ಮೈಯೆಲ್ಲ ಉರಿಯಿತು. "ಇದು ಮ್ಯಾಲೇರಿತಂದ್ರ ನಾನು ಮಗಳನ್ನ ಕರಕೊಂಡು ಹೋಗ್ತೀನಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಆಕಿ ಬಂದ್ರ ಕರಕೊಂಡು ಹೋಗವ್ವ" ಎಂದರು ಅತ್ತೆ. ಮಗಳು ಹೋಗಿ ಅಜ್ಜಿಯ ಸೀರೆ ಹಿಡಿದುಕೊಂಡು ನಿಂತಳು.

ನೆಗೆಣ್ಣಿ ಮಷೀನು ಬಿಟ್ಟು ಎದ್ದುಬಂದಳು. ಪುಟ್ಟಿಗೆ ಅರ್ಧ ಮಣ್ಣು ತುಂಬಿ, ಬಟ್ಟೆಯ ಸಿಂಬಿ ಇಟ್ಟು, ಅತ್ತೆಯ ತಲೆಗೆ ಏರಿಸಿದಳು. "ಹೊಲದಾಗ ಎಷ್ಟು ಹೊತ್ತೀರಿ ನೀವು, ಇದೇನ್ ಮಹಾ" ಎಂದಳು. ಅತ್ತೆ ಬೀಗಿ ನಿಂತರು. ಅವಳು ಅವರ ಭುಜವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ನೂಕಿದಳು. ಅತ್ತೆ ವಾಲಿದರು, ಪುಟ್ಟಿ ಮಗುಚಿತು, ಮಣ್ಣೆಲ್ಲ ಸೀರೆ ಹಿಡಿದಿದ್ದ ನನ್ನ ಮಗಳ ಮೇಲೆ ಸುರಿಯಿತು.

ಮಗು ಕೆಮ್ಮಿ ಅತ್ತಿತು. ಅತ್ತೆ ಅಲ್ಲೇ ಕೂತು ಅದರ ಕೂದಲಿನಿಂದ, ಕಿವಿಯಿಂದ ಮಣ್ಣು ಬಿಡಿಸುತ್ತಲೇ ಇದ್ದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಹೊಸಾದು ಬ್ಯಾಡ, ಹಳೇದ್ನೂ ಇಳಿಸ್ರಿ" ಎಂದರು.

ನಾನು ವರ್ಷಗಟ್ಟಲೆ ಹೇಳಿದ್ದನ್ನು ಅವಳು ನನ್ನದೇ ಹೋಲಿಕೆಯಿಂದ, ಮಷೀನಿನ ಮೇಲೆ ಅರ್ಧ ಹೊಲಿದ ಜಂಪರ್ ಬಿಟ್ಟು ಬಂದು ಮುಗಿಸಿದಳು. ಸಂತೋಷವಾಗಬೇಕಿತ್ತು. ಅಳು ಬಂತು, ಅದು ಸಂತೋಷದ್ದಲ್ಲ.

ಆಮೇಲಿನ ಕೆಲಸವೆಲ್ಲ ನನ್ನದು. ಮಣ್ಣು ಇಳಿಸಿ ಹಗುರವಾದ ಶೀಟು ಹಾಕಿಸಿದೆ. ಗೋಡೆಯ ಎರಡು ಸಾಲುಗಳನ್ನು ಅಲ್ಲಲ್ಲಿ ಕೊರೆಸಿ, ಕಂಬಿ ಸೇರಿಸಿ ಕಾಂಕ್ರೀಟಿನಿಂದ ಬೆಸೆಯಿಸಿದೆ. ಮಾಳಿಗೆಯ ಕೆಳಗೆ ಗೋಡೆಗಳ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಿಸಿ, ಕಾಲೇಜಿಗೆ ರಜೆ ಹಾಕಿ ಅದಕ್ಕೆ ನೀರುಣಿಸಿದೆ. ಆದರೆ ಅತ್ತೆ ಬಂದವರಿಗೆಲ್ಲ ತೋರಿಸುತ್ತಾ ಹೇಳುವುದು, "ಸಣ್ಣ ಸೊಸಿ ಮನಿ ಉಳಿಸ್ಯಾಳ ನೋಡ್ರಿ" ಎಂದು. ನೆಗೆಣ್ಣಿ ಮಾತ್ರ ಪ್ರತಿ ಸಲವೂ, "ನಂದೇನೈತಿ, ಎಲ್ಲಾ ಅಕ್ಕ ಹೇಳಿಕೊಟ್ಟಿದ್ದು" ಎನ್ನುತ್ತಾಳೆ. ಅವಳು ಕೆಟ್ಟವಳಾಗಿದ್ದರೆ ನನಗೆಷ್ಟು ಅನುಕೂಲವಿತ್ತು!

ಮಗಳು ಈಗಲೂ ನಡುಮನೆಯಲ್ಲೇ ಮಲಗುತ್ತಾಳೆ. ನಾನೂ ಕಣ್ತುಂಬ ನಿದ್ದೆ ಮಾಡುತ್ತೇನೆ.

ಮೊನ್ನೆ ಹಿಂದಿನ ಓಣಿಯ ಒಬ್ಬ ಹೆಂಗಸು ಬಾಗಿಲಿಗೆ ಬಂದು, "ನಮ್ಮ ಮಾಳಿಗಿನೂ ಭಾಳ ಭಾರ ಐತ್ರಿ. ಇದ್ರಾಗ ತಿಳುವಳಿಕಿ ಇದ್ದಾಕಿ ಅದಾಳೇನ್ರಿ?" ಎಂದು ಕೇಳಿದಳು. ನಾನು ಕನ್ನಡಕ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂದರ್ರಿ" ಎಂದು ಎದ್ದೆ. ಅಷ್ಟರಲ್ಲಿ, "ಚಿಗವ್ವಾ, ನಿನ್ನ ಕೇಳ್ಕೊಂಡು ಬಂದಾರ!" ಎಂದು ಕೂಗುತ್ತಾ ನನ್ನ ಮಗಳು ನನ್ನನ್ನು ದಾಟಿಕೊಂಡು ಒಳಗೆ ಓಡಿದಳು.