ಅಪ್ಪ ಕಾಟು ಹೊಡೆದ ‘ಮನಿಗೆ ಒಂದು’

“ಅಕ್ಕಾರ, ಪುಟದ ತುಂಬ ಪೆನ್ಸಿಲ್ಲಿನಿಂದ ಬರದಾರಲ್ರಿ. ಇಂಥಾದಕ್ಕ ಕಿಮ್ಮತ್ತು ಕಮ್ಮಿ ಬರ್ತದ್ರಿ,” ಎಂದರು ಕೆಲಗೇರಿಯಿಂದ ನಮ್ಮ ಮನೆಗೆ ಬಂದಿದ್ದ ಹಳೆಯ ಕಾಮಿಕ್ಸ್ ಸಂಗ್ರಾಹಕರು. ಅವರ ಕೈಯಲ್ಲಿದ್ದದ್ದು ಕಾಮಿಕ್ಸ್ ಪ್ರಕಾಶಕರು ಆರ್ಡರು ಹಾಕಲೆಂದು ಅಂಗಡಿಕಾರರಿಗೆ ಕಳಿಸುತ್ತಿದ್ದ ಹಳೆಯ ಕ್ಯಾಟಲಾಗು. ಕೇಶ್ವಾಪುರದಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಅಪ್ಪ ತೀರಿಕೊಂಡ ಮೇಲೆ ಅಂಥವುಗಳ ಒಂದು ಕಟ್ಟು ಟ್ರಂಕಿನಲ್ಲಿ ಉಳಿದಿತ್ತು. ಮಾರಿಬಿಡೋಣವೆಂದು ನಾನೇ ಅವರನ್ನು ಕರೆಸಿದ್ದೆ.

ಅಂಗಡಿಯ ಕಾಮಿಕ್ಸನ್ನು ಅಪ್ಪ ನಮಗೆ ಮುಟ್ಟಗೊಡುತ್ತಿರಲಿಲ್ಲ. ಮಡಿಕೆ ಬಿದ್ದರೆ ಗಿರಾಕಿಗಳು ಒಯ್ಯುವುದಿಲ್ಲ ಎನ್ನುತ್ತಿದ್ದರು. ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಮುಖಪುಟಗಳನ್ನು ನೋಡಿಯೇ ನಾನೂ ತಂಗಿಯೂ ಒಳಗಿನ ಕಥೆ ಕಟ್ಟಿಕೊಳ್ಳುತ್ತಿದ್ದೆವು.

ಸಂಗ್ರಾಹಕರು ಇನ್ನೊಂದು ಕ್ಯಾಟಲಾಗು ತೆರೆದರು, ಮತ್ತೊಂದು ತೆರೆದರು. “ಇಲ್ಲಿ ನೋಡ್ರಿ. ‘ಅಂಗಡಿಗೆ ಹತ್ತು, ಮನಿಗೆ ಒಂದು’ ಅಂತ ಬರದು, ಮನೀದಕ್ಕ ಕಾಟು ಹೊಡದಾರ. ಎಲ್ಲಾದ್ರಾಗೂ ಹಂಗ ಮಾಡ್ಯಾರಲ್ರಿ!”

ಕಟ್ಟನ್ನು ಮತ್ತೆ ಟ್ರಂಕಿನಲ್ಲಿಟ್ಟೆ. ಅಪ್ಪನಿಗೆ ನಮ್ಮ ನೆನಪೇ ಬರುವುದಿಲ್ಲವೆಂದು ಮುನಿಸಿಕೊಂಡೇ ಬೆಳೆದವಳು ನಾನು. ಆ ಗೆರೆ ಎಳೆಯುವಾಗ ಅವರ ಮುಖ ಹೇಗಿರುತ್ತಿತ್ತೋ, ಒಮ್ಮೆ ನೋಡಬೇಕಿತ್ತು.